ಎಲೆಯ ಅಂಚಿನ ಕೊಬ್ಬರಿ ಚೂರು

ತಿಪಟೂರು ಬಸ್ ನಿಲ್ದಾಣದ ಎದುರು ಈಗ ಸಂಜೆ ಹೊತ್ತು ಒಂದು ಮೊಮೊ ಗಾಡಿ ನಿಲ್ಲುತ್ತದೆ. ಮೊನ್ನೆ ಮೈಸೂರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಗಾಡಿಯವನು ಪಾತ್ರೆಯ ಮುಚ್ಚಳ ಎತ್ತಿದ. ಬೆಂದ ಎಲೆಕೋಸು, ಬೆಳ್ಳುಳ್ಳಿ, ಹಿಟ್ಟಿನ ವಾಸನೆ ಹೊತ್ತ ಬಿಸಿ ಆವಿ ಮುಖಕ್ಕೆ ಬಡಿಯಿತು. ಸುತ್ತ ಇದ್ದವರು ತಟ್ಟೆ ಹಿಡಿದು ಮುಂದೆ ಸರಿದರು. ನಾನು ಹಿಂದೆ ಸರಿದೆ. ಆ ವಾಸನೆ ನನ್ನ ಪಾಲಿಗೆ ಹೋದ ವರ್ಷದ ಭಾದ್ರಪದದ್ದು, ದೊಡ್ಡಮ್ಮನ ಮನೆಯ ಅಡುಗೆಮನೆಯದ್ದು. ಆ ತಿಂಗಳು ಅಲ್ಲಿ ನಡೆದದ್ದನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಿದರೆ ನಂಬುವವರು ಬೇಗ ನಂಬಿಬಿಡುತ್ತಾರೆ, ನಗುವವರು ಬೇಗ ನಕ್ಕುಬಿಡುತ್ತಾರೆ. ಎರಡೂ ನನಗೆ ಬೇಡ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹೊನ್ನವಳ್ಳಿಯಿಂದ ಇನ್ನೂ ಸ್ವಲ್ಪ ಒಳಗಿರುವ ಊರು, ತೋಟದ ಅಂಚಿಗೆ ಹಂಚಿನ ಮನೆ. ಅವರ ಒಬ್ಬಳೇ ಮಗಳು ಸಹನಾ ನನ್ನ ಓರಗೆಯವಳು. ಬಿ.ಕಾಂ. ಮುಗಿಸಿ ತಿಪಟೂರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದಳು. ಊರಿನ ಉಳಿದ ಹುಡುಗಿಯರ ಹಾಗೆ ಅವಳಿಗೂ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವ ಹುಚ್ಚು. ಆದರೆ ಉಳಿದವರು ನೋಡಿ ಅತ್ತು ಸುಮ್ಮನಾದರೆ, ಇವಳು ಅದರಲ್ಲಿ ಅವರು ತಿನ್ನುವುದನ್ನೆಲ್ಲ ಮಾಡಿ ನೋಡಬೇಕು. ಹಾಗೆ ಕಲಿತದ್ದು ಆ ಬನ್ನು. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟಿನೊಳಗೆ ಎಲೆಕೋಸು, ಸೋಯಾ, ಶಾವಿಗೆಯ ಖಾರದ ಹೂರಣ ತುಂಬಿ, ನೆತ್ತಿಯ ಮೇಲೆ ನೆರಿಗೆ ಹಿಡಿದು, ಇಡ್ಲಿ ಪಾತ್ರೆಯಲ್ಲಿ ಬೇಯಿಸುತ್ತಿದ್ದಳು. ಅದಕ್ಕೆ ಅವಳು ಹೇಳುತ್ತಿದ್ದ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಅವಳ ಅಜ್ಜಿ ಅದನ್ನು 'ಕೊರಿಯಾ ಕಡುಬು' ಎಂದು ಕರೆದರು, ಅದೇ ಉಳಿಯಿತು.

ಅದಕ್ಕೂ ಹಿಂದಿನ ವರ್ಷದ ಶ್ರಾವಣದಲ್ಲಿ ಜ್ವರವೆಂದು ಮಲಗಿದ ಸಹನಾ ವಾರ ತುಂಬುವುದರೊಳಗೆ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊನೆಯ ದಿನ ಅವಳು ಅಮ್ಮನ ಕೈ ಹಿಡಿದು ಹಸಿವು ಎಂದಿದ್ದಳಂತೆ. ಏನೂ ತಿನ್ನಿಸುವ ಸ್ಥಿತಿ ಅದಾಗಿರಲಿಲ್ಲ. "ಉಷಾರಾಗು, ಮನೆಗೋದ್ಮೇಲೆ ನಿನ್ನ ಕೊರಿಯಾ ಕಡುಬು ಮಾಡ್ಕೊಂಡು ತಿನ್ನುವಂತೆ" ಎಂದು ದೊಡ್ಡಮ್ಮ ಸಮಾಧಾನ ಹೇಳಿದ್ದರು.

ಅಂದಿನಿಂದ ದೊಡ್ಡಮ್ಮನಿಗೆ ಊಟ ಸೇರುತ್ತಿರಲಿಲ್ಲ. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು, ಮುದ್ದೆ ಮುರಿಯುತ್ತಿದ್ದರು, ಬಾಯಿಗೆ ಹೋಗುತ್ತಿರಲಿಲ್ಲ. ಮಜ್ಜಿಗೆಯ ಮೇಲೆ, ಕಾಫಿಯ ಮೇಲೆ ಒಂದು ವರ್ಷ ಕಳೆದಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾನು ಎಂ.ಎಸ್ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. "ಒಂದು ತಿಂಗ್ಳು ಹೋಗಿ ಇದ್ದು ಬಾರೇ. ಹಿಂಗೇ ಆದ್ರೆ ನಮ್ಮಕ್ಕ ಈ ಮಾಗಿ ದಾಟಲ್ಲ" ಎಂದು ಅಮ್ಮ ನನ್ನನ್ನು ಕಳಿಸಿದರು.

ಗೌರಿ ಹಬ್ಬ ಮುಗಿದ ಮೇಲೆ ಹೋದೆ. ಆ ಸೀಮೆಗೆ ಅಪರೂಪವಾದ ಮೋಡ ಹಿಡಿದಿತ್ತು. ಮಳೆಯೆನ್ನುವಷ್ಟು ಮಳೆಯಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಬಣ್ಣದ ಬೆಳಕು, ತೆಂಗಿನ ಗರಿಗಳ ತುದಿಯಿಂದ ತೊಟ್ಟಿಕ್ಕುವ ಹನಿ. ಮನೆಯೊಳಗೆ ಹಗಲಲ್ಲೂ ದೀಪ ಬೇಕಿತ್ತು. ಅಡುಗೆಮನೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ನಮ್ಮ ಕಡೆ ಕೊಬ್ಬರಿ ಆಗುವುದು ಹಾಗೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಬಿಟ್ಟುಬಿಡುತ್ತಾರೆ. ಒಂದು ವರ್ಷ ಅದು ಕತ್ತಲಲ್ಲಿ ಕೂತು, ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಕ್ ಗುಡುಕ್ ಎನ್ನುತ್ತದೆ. ಹಾಗೆ ಅಂದರೆ ಆಯಿತು ಎಂದು ಅರ್ಥ. ಆ ಅಟ್ಟದ ಕಾಯಿಗಳನ್ನು ಏರಿಸುವಾಗ ಕೆಳಗೆ ನಿಂತು ಎತ್ತಿಕೊಟ್ಟವಳು ಸಹನಾ. ಅವು ಆಗಿ ಎಷ್ಟೋ ದಿನವಾಗಿತ್ತು. ದೊಡ್ಡಪ್ಪನಿಗೆ ಇಳಿಸಲು ಮನಸ್ಸು ಬಂದಿರಲಿಲ್ಲ.

ಹೋದ ದಿನವೇ ದೊಡ್ಡಮ್ಮ ಕೇಳಿದರು. "ಅವಳ ಕಡುಬು ನಿಂಗೆ ಬತ್ತದಲ್ವಾ ಮಗಾ? ಇಬ್ರೂ ಸೇರ್ಕಂಡು ಮಾಡ್ತಿದ್ರಲ್ಲ."

"ನೋಡಿದ್ದೀನಿ ದೊಡ್ಡಮ್ಮ. ಅವಳಷ್ಟು ಚೆನ್ನಾಗಿ ಬರಲ್ಲ."

"ಕಲ್ತ್ಕೋ. ಅಮಾಸೆಗೆ ಅವಳಿಗೆ ಎಡೆ ಇಕ್ಕಬೇಕು."

ಪಿತೃಪಕ್ಷದ ಅಮಾವಾಸ್ಯೆಯ ದಿನ ಆ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರವರಿಗೆ ಇಷ್ಟವಾಗಿದ್ದನ್ನು ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಬಂದವರು ಉಂಡು ಹೋಗಲೆಂದು ಒಂದಷ್ಟು ಹೊತ್ತು ಜಗುಲಿಯಲ್ಲಿ ಕೂತಿರಬೇಕು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಲೆಯಲ್ಲಿದ್ದುದನ್ನೇ ಮನೆಯವರು ಉಣ್ಣಬೇಕು.

ಅಜ್ಜಿ, ಎಂದರೆ ದೊಡ್ಡಪ್ಪನ ತಾಯಿ, ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದವರು ಕೈ ನಿಲ್ಲಿಸಿ ದೊಡ್ಡಮ್ಮನ ಕಡೆ ತಿರುಗಿದರು. "ಎಡೆ ಇರೋದು ಹಿರೀಕರಿಗೆ ಕಣೇ ಗೌರಿ. ಮದ್ವೆ ಆಗ್ದಿರೋ ಹೆಣ್ಮಗಿಗೆ ಯಾರಾದ್ರೂ ಎಲೆ ಹಾಕ್ತಾರಾ? ಒಂದ್ಸಲ ಎಲೆ ಹಾಕಿ ಕರುದ್ರೆ ಆಮೇಲೆ ಮನೆ ಬುಟ್ಟು ಹೋಗಲ್ಲ."

"ಹೋಗ್ದಿದ್ರೆ ಇರ್ಲಿ ಬುಡಿ ಅತ್ತೆ. ಅವಳದೇ ಮನೆ."

"ಇರೋರ ಗತಿ ಏನು?"

"ಹಸ್ಕೊಂಡು ಹೋಯ್ತು ಅತ್ತೆ ನನ್ನ ಮಗು. ಅವಳು ಉಂಡ್ಲು ಅಂತ ನಂಗೆ ಗೊತ್ತಾಗೋಗಂಟ ನನ್ನ ಗಂಟಲಲ್ಲಿ ಇಳಿಯಲ್ಲ. ನೀವೇನಾರ ಅನ್ಕಳಿ."

ಅಜ್ಜಿ ಮತ್ತೆ ಕುಟ್ಟಲು ಶುರು ಮಾಡಿದರು. ದೊಡ್ಡಪ್ಪ ಎದ್ದು ತೋಟಕ್ಕೆ ಹೋದರು. ಮೂರು ದಿನ ಕಳೆದ ಮೇಲೆ ಅಜ್ಜಿ ಯಾರ ಮುಖವನ್ನೂ ನೋಡದೆ, "ನಡುಮನೇಲಿ ಹಿರೀಕರ ಸಾಲ್ನಲ್ಲಿ ಬ್ಯಾಡ. ಅಡುಗೆಮನೇಲಿ ಬ್ಯಾರೆ ಇಕ್ಕಿ" ಎಂದರು.

ನಾನು ಕಲಿಯಲು ಕೂತೆ. ನನ್ನ ಮೊಬೈಲಿನಲ್ಲಿ ಸಹನಾ ಕಳಿಸಿದ್ದ ಒಂದು ಧ್ವನಿ ಸಂದೇಶ ಉಳಿದಿತ್ತು. ನಾನು ಹಾಸ್ಟೆಲಿನಲ್ಲಿ ಮಾಡಿ ನೋಡುತ್ತೇನೆಂದು ಕೇಳಿದ್ದಕ್ಕೆ ಅವಳು ಹೇಳಿ ಕಳಿಸಿದ್ದು. ಅದನ್ನು ಒಂದು ವರ್ಷ ಮುಟ್ಟಿರಲಿಲ್ಲ. ಹಿಟ್ಟು ಕಲಸುವಾಗ ಒಲೆಕಟ್ಟೆಯ ಮೇಲೆ ಮೊಬೈಲು ಇಟ್ಟು ಹಾಕಿದೆ.

"ಲೇ ರಚ್ಚು, ಸರಿಯಾಗಿ ಕೇಳಿಸ್ಕೋ. ಎಲೆಕೋಸಿಗೆ ಉಪ್ಪಾಕಿ ಹಿಂಡು. ಹಿಂಡು ಅಂದ್ರೆ ಬಟ್ಟೆ ಹಿಂಡ್ದಂಗೆ ಕಣೇ, ನಿನ್ ತರ ನಾಜೂಕಾಗಿ ಅಲ್ಲ. ನೀರು ಉಳಿದ್ರೆ ಒಡ್ದೋಗ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟು. ಒಲೆ ಆರಿಸಿದ ತಕ್ಷಣ ಮುಚ್ಚಳ ತೆಗೀಬ್ಯಾಡ, ಕುಸ್ದೋಯ್ತದೆ. ಅದರ ಪಾಡಿಗೆ ಅದು ಒಳಗೆ ಇರ್ಲಿ ಸ್ವಲ್ಪ ಹೊತ್ತು. ಆಮೇಲೆ ಮುಖ್ಯವಾದ್ದು, ಕಾಯಿಗೀಯಿ ಹಾಕ್ಬುಟ್ಟೀಯ. ನಮ್ಮಜ್ಜಿ ಕೈಗೆ ಸಿಕ್ರೆ ಕೊರಿಯಾದೋರ ತಲೆ ಮೇಲೂ ಕೊಬ್ಬರಿ ತುರಿದುಬುಡ್ತದೆ."

ಕೊನೆಗೆ ಅವಳ ನಗು. ನಗುವಿನ ಹಿಂದೆ ಎಲ್ಲೋ ಗುಡುಕ್ ಗುಡುಕ್ ಎಂಬ ಸದ್ದು. ದೊಡ್ಡಪ್ಪ ಕಾಯಿ ನೋಡುತ್ತಿದ್ದಿರಬೇಕು.

ತಲೆ ಎತ್ತಿದರೆ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಕೈಯಲ್ಲಿ ಮೊರ ಇತ್ತು, ಮೊರದಲ್ಲಿದ್ದ ರಾಗಿ ನೆಲಕ್ಕೆ ಸುರಿಯುತ್ತಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ. "ಇನ್ನೊಂದ್ಸಲ ಹಾಕು" ಎಂದರು.

ಅಂದಿನಿಂದ ನಾನು ಹಿಟ್ಟು ಕಲಸುವುದು, ಅವರು ಬಂದು ಗೋಡೆಗೆ ಒರಗಿ ಕೂರುವುದು, ಸಹನಾ ಅಡುಗೆಮನೆಯಲ್ಲಿ ಮಾತಾಡುವುದು. ಸತ್ತವಳ ಬಾಯಿಂದ ಬಯ್ಯಿಸಿಕೊಳ್ಳುತ್ತಾ ನಾನು ಎಲೆಕೋಸು ಹಿಂಡುತ್ತಿದ್ದೆ. ಮೊದಲ ಸಲ ಹಿಟ್ಟು ಉಬ್ಬಲೇ ಇಲ್ಲ. ಎರಡನೆಯ ಸಲ ಉಬ್ಬಿತು, ಬೆಂದಿತು, ಮುಚ್ಚಳ ಬೇಗ ತೆಗೆದೆನೆಂದು ಕಾಣುತ್ತದೆ, ಕಣ್ಣೆದುರೇ ಸುಕ್ಕುಗಟ್ಟಿ ಮುದುಕಿಯ ಮುಖವಾಯಿತು. ಅಜ್ಜಿ ಅದನ್ನು ಎತ್ತಿ ನೋಡಿ, "ಇದು ನಂಗೆ ಮಾಡಿದ್ದಾ? ನಾನಿನ್ನೂ ಇದ್ದೀನಲ್ಲೇ" ಎಂದರು. ಆ ತಿಂಗಳಲ್ಲಿ ದೊಡ್ಡಮ್ಮ ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ದೊಡ್ಡಪ್ಪನಿಗೆ ಮಾತ್ರ ಆವಿಯ ಚಿಂತೆ. ಅಟ್ಟದ ಕಾಯಿಗೆ ಹೊಗೆಯಾದರೆ ಒಳ್ಳೆಯದು, ಆವಿ ತಾಗಿದರೆ ಬೂಷ್ಟು ಹಿಡಿಯುತ್ತದೆ. ಸಹನಾ ಹಿತ್ತಲಲ್ಲಿ ಚಿಪ್ಪಿನ ಬೆಂಕಿ ಹಾಕಿ ಬೇಯಿಸುತ್ತಿದ್ದಳು. ಈಗ ಹನಿ ನಿಲ್ಲದೆ ಹಿತ್ತಲು ಕೆಸರಾಗಿತ್ತು, ಬೇರೆ ದಾರಿ ಇರಲಿಲ್ಲ. ಪಾತ್ರೆಯಿಂದ ಎದ್ದ ಆವಿ ಅಟ್ಟದ ಹಲಗೆಗಳ ಸಂದಿಯಲ್ಲಿ ನುಗ್ಗಿ ಮಾಯವಾಗುವುದನ್ನು ನೋಡುತ್ತಿದ್ದೆ. ಮಾಯವಾದ ಸ್ವಲ್ಪ ಹೊತ್ತಿಗೆ ಮೇಲೆ ಸದ್ದಾಗುತ್ತಿತ್ತು. ಗುಡುಕ್. ಸ್ವಲ್ಪ ಬಿಟ್ಟು, ಗುಡುಕ್ ಗುಡುಕ್.

"ಇಲಿ" ಎಂದರು ದೊಡ್ಡಪ್ಪ. "ಬೆಚ್ಚಗಾಯ್ತಲ್ಲ, ಓಡಾಡ್ತವೆ."

ಇಲಿ ಓಡಿದರೆ ಕಾಯಿ ಉರುಳಬಹುದು. ಉರುಳುವ ಸದ್ದು ಬೇರೆ, ಅಲ್ಲಾಡಿಸಿದ ಸದ್ದು ಬೇರೆ. ಆದರೂ ನಾನು ಇಲಿಯನ್ನೇ ಒಪ್ಪಿಕೊಂಡೆ. ಅಟ್ಟದಲ್ಲಿ ಇಲಿ ಇದ್ದದ್ದು ನಿಜ. ಒಡೆದಿಟ್ಟ ಕೊಬ್ಬರಿಯನ್ನು ಒಂದು ರಾತ್ರಿ ಮರೆತು ಹೊರಗೆ ಬಿಟ್ಟರೆ ಬೆಳಿಗ್ಗೆಗೆ ಹಲ್ಲಿನ ಗುರುತಷ್ಟೇ ಉಳಿದಿರುತ್ತಿತ್ತು.

ಅಮಾವಾಸ್ಯೆಯ ದಿನ ಹಿಟ್ಟು ಚೆನ್ನಾಗಿ ಬಂತು. ಎಡೆಗೆ ಮುಂಚೆ ಯಾವುದನ್ನೂ ರುಚಿ ನೋಡುವಂತಿಲ್ಲ, ಹಾಗಾಗಿ ಉಪ್ಪುಖಾರವನ್ನೆಲ್ಲ ಅಂದಾಜಿನ ಮೇಲೆ ಹಾಕಿದೆ. ಸೋಯಾ ಸಾಸಿಗೆ ಹೂರಣ ಕಂದು ಬಣ್ಣಕ್ಕೆ ತಿರುಗಿತು. ಅಜ್ಜಿ ಪಕ್ಕದಲ್ಲೇ ಈಳಿಗೆಮಣೆ ಹಾಕಿಕೊಂಡು ಹುಗ್ಗಿಗೆ ಕೊಬ್ಬರಿ ಹೆಚ್ಚುತ್ತಿದ್ದರು. ನಾನು ಬಾವಿಕಟ್ಟೆಗೆ ಹೋಗಿ ಎಲೆ ತೊಳೆದು ತಂದೆ. ಬಂದು ಹೂರಣ ತುಂಬಿ, ಸಹನಾ ತಿರುಚುತ್ತಿದ್ದ ಹಾಗೆ ನೆತ್ತಿಯ ನೆರಿಗೆ ತಿರುಚಿ ಬೇಯಿಸಿದೆ. ಒಲೆ ಆರಿಸಿ, ಮುಚ್ಚಳ ಮುಟ್ಟದೆ ಕಾದೆ. ತೆಗೆದಾಗ ಬನ್ನುಗಳು ಬಿಳಿಯಾಗಿ, ಬಿಗಿಯಾಗಿ ನಿಂತಿದ್ದವು.

ಮಧ್ಯಾಹ್ನ ಕಳೆದಿತ್ತು. ನಡುಮನೆಯಲ್ಲಿ ಹಿರಿಯರ ಎಲೆಗಳ ಸಾಲು. ಅಡುಗೆಮನೆಯಲ್ಲಿ, ಅಟ್ಟದ ನೇರ ಕೆಳಗೆ, ಒಂದೇ ಒಂದು ಎಲೆ. ಅದರ ಮೇಲೆ ಮೂರು ಬನ್ನು, ಒಂದು ಲೋಟ ನೀರು. ದೊಡ್ಡಮ್ಮ ಪಕ್ಕದಲ್ಲಿ ಅವಳ ಹಸಿರು ಚೂಡಿದಾರ ಮಡಿಸಿಟ್ಟರು. ನಾನು ಹಿತ್ತಲ ಬಾಗಿಲಿನ ಚಿಲಕ ಹಾಕಿದೆ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಇದೆ, ಅದು ಗಟ್ಟಿಯಾಗಿತ್ತು. ಎಲ್ಲರೂ ಹೊರಗೆ ಬಂದೆವು. ದೊಡ್ಡಪ್ಪ ಮುಂಬಾಗಿಲು ಎಳೆದುಕೊಂಡರು.

ನಾಲ್ವರೂ ಜಗುಲಿಯ ಮೇಲೆ ಕೂತೆವು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ದೊಡ್ಡಮ್ಮ ಕಂಬಕ್ಕೆ ಒರಗಿದ್ದರು, ಅಜ್ಜಿ ನನ್ನ ಪಕ್ಕ, ದೊಡ್ಡಪ್ಪ ಮೆಟ್ಟಿಲ ಮೇಲೆ ತೆಂಗಿನ ನಾರು ಹೊಸೆಯುತ್ತಾ. ಯಾರೂ ಎದ್ದು ಹೋಗಲಿಲ್ಲ. ಹನಿ ನಿಂತಿತ್ತು. ಗರಿಗಳು ಅಲ್ಲಾಡುತ್ತಿರಲಿಲ್ಲ, ಪಕ್ಕದ ಮನೆಯ ಕರು ಕೂಡ ಸುಮ್ಮನಿತ್ತು.

ಆಗ ಒಳಗಿನಿಂದ ಕೇಳಿಸಿತು. ಗುಡುಕ್ ಗುಡುಕ್. ನಿಂತಿತು. ಮತ್ತೆ, ಗುಡುಕ್ ಗುಡುಕ್.

ಸಹನಾ ಕಾಯಿ ನೋಡುತ್ತಿದ್ದ ರೀತಿ ಅದು. ಒಂದು ಕಿವಿಯ ಹತ್ತಿರ ಅಲ್ಲಾಡಿಸಿ, ಕೈ ಬದಲಿಸಿ, ಇನ್ನೊಂದು ಕಿವಿಯ ಹತ್ತಿರ. "ಒಂದು ಕಿವಿ ಸುಳ್ಳು ಹೇಳ್ತದೆ" ಎನ್ನುತ್ತಿದ್ದಳು.

ದೊಡ್ಡಪ್ಪನ ಕೈಯಲ್ಲಿದ್ದ ನಾರು ನಿಂತಿತು. ಅವರು ಇಲಿ ಎನ್ನಲಿ ಎಂದು ನಾನು ಕಾದೆ. ಅನ್ನಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿದ್ದರು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು.

ಬಹಳ ಹೊತ್ತಿನ ಮೇಲೆ ದೊಡ್ಡಪ್ಪ ಎದ್ದು ಬಾಗಿಲು ತಟ್ಟಿದರು. "ಬತ್ತಾ ಇದೀವಿ" ಎಂದು ಒಳಗಿನವರಿಗೆ ತಿಳಿಸಿ ತೆಗೆದರು. ಧೂಪದ ಹೊಗೆ ಸೊಂಟದೆತ್ತರಕ್ಕೆ ಹಾಗೇ ನಿಂತಿತ್ತು. ನಡುಮನೆಯ ಎಲೆಗಳು ಇಟ್ಟ ಹಾಗೇ ಇದ್ದವು. ದೊಡ್ಡಮ್ಮ ಅವನ್ನು ನೋಡದೆ ಅಡುಗೆಮನೆಗೆ ನಡೆದರು, ನಾನು ಅವರ ಹಿಂದೆ.

ಎರಡು ಬನ್ನು ಹಾಗೇ ಇದ್ದವು. ಒಂದು ಬಿಚ್ಚಿಕೊಂಡಿತ್ತು. ಕಚ್ಚಿದ್ದಲ್ಲ, ಕೆದರಿದ್ದಲ್ಲ. ನೆರಿಗೆಯ ಹತ್ತಿರ ಎರಡು ಬೆರಳಿಂದ ಬಿಡಿಸಿದ ಹಾಗೆ ತೆರೆದಿತ್ತು, ಹೂರಣ ಅರ್ಧ ಇರಲಿಲ್ಲ. ಎಲೆಯ ಅಂಚಿನಲ್ಲಿ, ಒಂದರ ಪಕ್ಕ ಒಂದು, ಸಣ್ಣ ಸಣ್ಣ ಚೂರುಗಳ ಸಾಲು.

ನಾನು ಬಗ್ಗಿ ನೋಡಿದೆ. ಕೊಬ್ಬರಿ.

"ನೀನು ಕೊಬ್ಬರಿ ಹಾಕಿದ್ಯಾ?" ದೊಡ್ಡಮ್ಮನ ದನಿ ಕೇಳಿಸುವಷ್ಟೂ ಇರಲಿಲ್ಲ.

"ಇಲ್ಲ ದೊಡ್ಡಮ್ಮ."

ಹಿಂದಿನಿಂದ ಅಜ್ಜಿ ಹೇಳಿದರು. "ನಾನು ಹಾಕ್ದೆ. ಇವಳು ಎಲೆ ತೊಳೆಯೋಕೆ ಹೋಗಿದ್ಲು. ಕಾಯಿ ಇಲ್ದಿರೋ ಎಡೆ ಈ ಮನೇಲಿ ಇಕ್ಕಿದ್ದೇ ಇಲ್ಲ ಕಣೇ. ಕೈ ತಡೀಲಿಲ್ಲ. ನಾಕೇ ನಾಕು ಚೂರು, ತಿಳಿಯಲ್ಲ ಅನ್ಕಂಡೆ."

ಸಹನಾ ತಟ್ಟೆಯಲ್ಲಿ ಕೊಬ್ಬರಿ ಚೂರು ಕಂಡರೆ ಒಂದೊಂದಾಗಿ ಆರಿಸಿ ಅಂಚಿಗೆ ಸಾಲು ಇಡುತ್ತಿದ್ದಳು. ಪೊಂಗಲ್ಲಾಗಲಿ, ಚಿತ್ರಾನ್ನವಾಗಲಿ. ಕೊಬ್ಬರಿ ಮನೆಯಲ್ಲಿ ಹುಟ್ಟಿ ಕೊಬ್ಬರಿ ತಿನ್ನದವಳು ಎಂದು ಊರೆಲ್ಲ ಅವಳನ್ನು ಆಡಿಕೊಳ್ಳುತ್ತಿತ್ತು.

ದೊಡ್ಡಪ್ಪ ಮಂಡಿಯೂರಿ ಕೂತು ಎಲೆಯನ್ನೇ ನೋಡಿದರು. ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು, ಹಲ್ಲಿನ ಗುರುತು ಹುಡುಕಿ, ಇದ್ದ ಜಾಗದಲ್ಲೇ ಇಟ್ಟರು.

"ಇಲಿ ಅಲ್ಲ" ಎಂದರು. "ಇಲಿ ಆಗಿದ್ರೆ ಮೊದ್ಲು ಕೊಬ್ಬರಿ ತಿಂತಿತ್ತು. ಕಡುಬು ಮೂಸ್ತಾನೂ ಇರಲಿಲ್ಲ."

ನಾನು ಹಿತ್ತಲ ಬಾಗಿಲಿಗೆ ಹೋಗಿ ಚಿಲಕ ನೋಡಿದೆ. ಹಾಕಿದ ಹಾಗೇ ಇತ್ತು. ಜಾಲರಿ ಮುಟ್ಟಿ ನೋಡಿದೆ. ಅಟ್ಟಕ್ಕೆ ಹತ್ತುವ ಕಂಡಿಯ ಕಡೆ ಕತ್ತೆತ್ತಿ ನೋಡಿದೆ, ಅಲ್ಲಿ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಏಣಿ ಹಾಕಿ ಹತ್ತಿ ನೋಡಬಹುದಿತ್ತು. ಕಲಿತ ವಿದ್ಯೆಯ ಪ್ರಕಾರ ನಾನು ಮಾಡಬೇಕಾಗಿದ್ದುದೂ ಅದೇ. ಹತ್ತಲಿಲ್ಲ.

ತಿರುಗಿ ಬಂದಾಗ ದೊಡ್ಡಮ್ಮ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅಳುತ್ತಿರಲಿಲ್ಲ. ಅಂಚಿನ ಸಾಲಿನಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು.

"ಅವಳು ಬಿಟ್ಟಿದ್ನ ಯಾವಾಗ್ಲೂ ನಾನೇ ತಿಂತಿದ್ದೆ" ಎಂದರು. "ಬಿಸಾಕಕ್ಕಾಯ್ತದಾ."

ಸಾಲು ಮುಗಿಸಿ, ತೆರೆದ ಬನ್ನಿನಲ್ಲಿ ಉಳಿದದ್ದನ್ನು ತಿಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಅತ್ತೆ, ಮುದ್ದೆ ಇದ್ರೆ ಇಕ್ಕಿ" ಎಂದರು. ಅಜ್ಜಿ ಅವಸರದಲ್ಲಿ ಮುದ್ದೆ ಇಟ್ಟು ಬಿಟ್ಟ ಸಾರು ಎಲೆಯಿಂದ ಹೊರಗೆ ಚೆಲ್ಲಿತು. ಒಂದು ವರ್ಷದ ಮೇಲೆ ಅವರು ತೃಪ್ತಿಯಾಗಿ ಉಂಡದ್ದನ್ನು ನಾವು ಮೂವರೂ ನಿಂತು ನೋಡಿದೆವು. ನೋಡುತ್ತಾ ನಿಂತ ನನಗೆ ಸಂತೋಷ ಆಗಬೇಕಿತ್ತು, ಆಯಿತು ಕೂಡ. ಆದರೆ ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ನಿಂತಿದ್ದೆ.

ಕೈ ತೊಳೆಯುವಾಗ ಅಜ್ಜಿ ನನ್ನೊಬ್ಬಳಿಗೇ ಕೇಳುವಂತೆ ಅಂದರು, "ಬಂದಿದ್ದು ನಿಜ. ಹೋದ್ಲಾ ಅಂತ ಯಾರು ಹೇಳೋರು?"

ಮುಂದಿನ ವಾರ ದೊಡ್ಡಪ್ಪ ಅಟ್ಟದ ಕಾಯಿ ಇಳಿಸಿದರು. ಅಷ್ಟು ದಿನ ಆವಿ ಕುಡಿದರೂ ಒಂದೂ ಬೂಷ್ಟು ಹಿಡಿದಿರಲಿಲ್ಲ. ಒಂದು ಕಾಯಿ ಮಾತ್ರ ರಾಶಿಯಿಂದ ದೂರ, ಕಂಡಿಯ ಬಾಯಲ್ಲಿ ಸಿಕ್ಕಿತಂತೆ. ದೊಡ್ಡಪ್ಪ ಅದನ್ನು ಸುಲಿಯದೆ ದೇವರ ಗೂಡಿನ ಪಕ್ಕ ಇಟ್ಟರು. ನಾನು ಫಲಿತಾಂಶ ಬಂದ ಮೇಲೆ ಊರು ಬಿಟ್ಟೆ. ಆ ಧ್ವನಿ ಸಂದೇಶವನ್ನು ದೊಡ್ಡಮ್ಮನ ಮೊಬೈಲಿಗೆ ಕಳಿಸಿಕೊಟ್ಟೆ. ನನ್ನದರಲ್ಲೂ ಇದೆ, ತೆಗೆದಿಲ್ಲ. ಕೇಳುವುದೂ ಇಲ್ಲ.

ಮೊನ್ನೆ ಆ ಗಾಡಿಯ ಆವಿಯಿಂದ ಸರಿದು ನಿಂತು ದೊಡ್ಡಮ್ಮನಿಗೆ ಫೋನ್ ಮಾಡಿದೆ. ಬಾಯಲ್ಲಿ ಏನೋ ಅಗಿಯುತ್ತಲೇ ಮಾತಾಡಿದರು. ಈಗ ಮೈ ತುಂಬಿಕೊಂಡಿದ್ದಾರೆ ಎಂದು ಅಮ್ಮ ಹೇಳುತ್ತಿರುತ್ತಾರೆ.

"ಅಮಾಸೆ ಹತ್ರ ಬಂತು. ಬತ್ತೀಯ ತಾನೆ ಕಡುಬು ಮಾಡಕ್ಕೆ?"

"ಬರ್ತೀನಿ. ಈ ಸಲ ಅಜ್ಜಿಗೆ ಹೇಳಿಬಿಡಿ ದೊಡ್ಡಮ್ಮ, ಕೊಬ್ಬರಿ ಹಾಕೋದು ಬೇಡ. ಅವಳಿಗೆ ಇಷ್ಟ ಇರಲಿಲ್ಲವಲ್ಲ."

ಅಗಿಯುವುದು ನಿಂತಿತು.

"ಹಾಕ್ಬೇಕು ಕಣೇ. ಹಾಕ್ದಿದ್ರೆ ಬಂದಿದ್ಲು ಅಂತ ಹೆಂಗೆ ಗೊತ್ತಾಗ್ತದೆ?"

ಫೋನ್ ಇಟ್ಟ ಮೇಲೆ ಅಲ್ಲೇ ನಿಂತಿದ್ದೆ. ಈ ಸಲ ಚೂರುಗಳು ಹೂರಣದೊಳಗೇ ಉಳಿದುಬಿಟ್ಟರೆ ದೊಡ್ಡಮ್ಮ ಮತ್ತೆ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾರೆ. ಉಳಿಯದೆ, ಮತ್ತೆ ಎಲೆಯ ಅಂಚಿಗೆ ಸಾಲಾಗಿ ಬಂದರೆ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯಲಿಲ್ಲ. ಮೈಸೂರಿನ ಬಸ್ಸು ಬಂತು, ಹೋಯಿತು. ನಾನು ರಸ್ತೆ ದಾಟಿ, ಯೀಸ್ಟ್ ಸಿಗುವ ಅಂಗಡಿಯ ಕಡೆ ನಡೆದೆ.